ನನ್ನ ಭಾಷಣ ಅಕ್ಕನಿಗೆ ತಿಳಿದ ಬಗೆ

ನನ್ನ ಕೈಗೆ ಮೈಕು ಕೊಟ್ಟರೆ ವಾಪಸು ಕೊಡುವ ಅಭ್ಯಾಸವಿಲ್ಲ. ಶಹಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನನ್ನನ್ನು ಕೆಂಭಾವಿಯ ಶಾಲೆಯವರು ವಿಜ್ಞಾನದ ಭಾಷಣಕ್ಕೆ ಕರೆದಾಗ, ಎರಡು ದಿನ ಮೊದಲೇ ಅಂಗಿಗೆ ಇಸ್ತ್ರಿ ಹಾಕಿಸಿ ಇಟ್ಟುಕೊಂಡಿದ್ದೆ. ಅಕ್ಕನನ್ನು ಕೊಟ್ಟ ಊರು ಅದು. ಅವಳೂ ಬಂದು ಹೆಂಗಸರ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಗೆಡ್ಡೆ ತಡೆಯುವ ವಂಶವಾಹಿಗಳ ಬಗ್ಗೆ ಶುರು ಮಾಡಿದೆ. ಮೈಯ ಕೋಶಗಳಿಗೆ "ಒಡೆದು ಎರಡಾಗು" ಎಂಬ ಸಂದೇಶ ಬರುತ್ತಲೇ ಇರುತ್ತದೆ, ಬಂದದ್ದಕ್ಕೆಲ್ಲ ಹೂಂ ಅನ್ನುತ್ತ ಹೋದರೆ ಗೆಡ್ಡೆಯಾಗುತ್ತದೆ, ಅದಕ್ಕೇ ಈ ವಂಶವಾಹಿಗಳು ಕಾಲುವೆಯ ಗೇಟಿನ ಹಾಗೆ ತಡೆದು ನಿಲ್ಲಿಸುತ್ತವೆ ಎಂದೆ. ಕಾಲುವೆಯ ತುದಿಯಲ್ಲಿ ಹೊಲವಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಗೇಟ್ ಮುಚ್ಚಿದ್ರ ನಮ್ಮ ಭತ್ತಕ್ಕ ನೀರು ಹೆಂಗ ಬರ್ತಾವ್ರಿ, ಸರ?" ಸಭೆಯೆಲ್ಲ ನಕ್ಕಿತು. ಬುದ್ಧಿಯಿದ್ದವನು ಅಲ್ಲಿಗೇ ಮುಗಿಸುತ್ತಿದ್ದ.

ನಾನು ಮುಂದುವರಿಸಿದೆ. ಇಂಥ ವಂಶವಾಹಿಗಳಲ್ಲಿ ಕುಟುಂಬಗಳಿವೆ, ಒಂದು ಕುಟುಂಬದಲ್ಲಿ ಮೂವರು ಅಣ್ಣತಮ್ಮಂದಿರು ಎಂದೆ. ಒಬ್ಬನು ಕೆಟ್ಟ ಕೋಶ ಬೆಳೆಯದಂತೆ ಕಾಯುತ್ತಾನೆ. ಇನ್ನೊಬ್ಬನಿಲ್ಲದೆ ಹೊಟ್ಟೆಯಲ್ಲಿನ ಕೂಸಿಗೆ ಚರ್ಮ, ಕೈಕಾಲು ಸರಿಯಾಗಿ ಮೂಡುವುದಿಲ್ಲ. ಮೂರನೆಯವನು ಮೆದುಳು, ನರಗಳ ಬೆಳವಣಿಗೆಗೆ ಬೇಕು. "ಕುಟುಂಬದಲ್ಲಿ ಒಬ್ಬ ಕೆಟ್ಟರೂ ಸಾಕು, ಗೆಡ್ಡೆಗೆ ದಾರಿಯಾಯಿತು" ಎಂದು ಮೇಜು ಗುದ್ದಿದೆ. ರಚನೆಯಲ್ಲಿ ಹೋಲಿಕೆ ಇರುವುದರಿಂದ ಇವನ್ನು ಕುಟುಂಬ ಎನ್ನುತ್ತಾರೆ, ಇದು ನಮ್ಮ ನಿಮ್ಮ ಮನೆತನದ ಮಾತಲ್ಲ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ನಾಲ್ಕು ತಿಂಗಳ ಮೇಲೆ ಅಕ್ಕನ ಮಗಳು ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಅವಳಿಗೆ ವಡಗೇರಾದ ಕಡೆ ಗಂಡು ಗೊತ್ತಾಗಿತ್ತು.

"ಮಾಮಾ, ಅವ್ವನ ಎದ್ಯಾಗ ಗಂಟಾಗೈತಿ. ದವಾಖಾನಿಗೆ ಹೋಗಾಕ ತಯಾರಾಗಿದ್ಳು. ನಿನ್ನ ಭಾಷಣ ಕೇಳಿ ಬಂದಾಗಿಂದ ಒಲ್ಲೆ ಅಂತ ಕುಂತಾಳ."

"ನನ್ನ ಭಾಷಣ ಏನು ಮಾಡ್ತು?"

"ಅದು ಕುಟುಂಬದ ರೋಗಂತ, ಒಬ್ರು ಕೆಟ್ರ ಎಲ್ಲಾರೂ ಕೆಟ್ಟಂಗಂತ. ಅಣ್ಣತಮ್ಮಂದಿರ ಲೆಕ್ಕನೂ ಹಾಕಿ ಹೇಳಿಯಂತಲ್ಲ. ಮಂದಿಗೆ ಗೊತ್ತಾದ್ರ ನನ್ನ ಮದುವಿ ಮುರೀತೈತಿ ಅಂತಾಳ."

ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಇಷ್ಟು ಗಮನವಿಟ್ಟು ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ. ನಗುವ ಹೊತ್ತಲ್ಲ ಅದು. ಅಕ್ಕ ಕೈತಪ್ಪಿ ಹೋಗುತ್ತಾಳೆ ಎಂದು ಹೆದರಿದೆ.

ಮರುದಿನವೇ ಹೋಗಿ ಬೈದು, ಬೇಡಿ, ಅವಳನ್ನು ಕಲಬುರ್ಗಿಯ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಮತ್ತೆ ಪಾಠ. ಬಹಳಷ್ಟು ಸಲ ಈ ವಂಶವಾಹಿಗಳು ಕೆಡುವುದು ನಾವು ಬದುಕಿರುವಾಗ, ಆ ಕೋಶದಲ್ಲಿ ಮಾತ್ರ. ಹುಟ್ಟಿನಿಂದಲೇ ಬರುವುದು ಕೆಲವೇ ಮನೆಗಳಲ್ಲಿ. ಹಾಗೆ ಬಂದರೂ ಎಲ್ಲರಿಗೂ ರೋಗವಾಗುತ್ತದೆ ಅಂತಿಲ್ಲ ಎಂದು ಬಿಡಿಸಿ ಹೇಳಿದೆ. ಅಕ್ಕ ಎಲ್ಲದಕ್ಕೂ "ಹೌದೇನು" ಎಂದಳು. ತಲೆ ಆಡಿಸಿದವರಿಗೆಲ್ಲ ಪಾಠ ತಿಳಿದಿದೆ ಎಂದುಕೊಳ್ಳುವುದು ನಮ್ಮ ವೃತ್ತಿಯ ಕಾಯಿಲೆ.

ದವಾಖಾನೆಯಲ್ಲಿ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಕೇಳಿದರು: "ನಿಮ್ಮ ತವರುಮನ್ಯಾಗ ಯಾರಿಗಾದ್ರೂ ಹಿಂಗ ಆಗಿತ್ತೇನಮ್ಮ? ಒಡಹುಟ್ಟಿದವರು ಎಷ್ಟು ಮಂದಿ?"

"ಯಾರೂ ಇಲ್ರಿ. ನಾ ಒಬ್ಬಾಕಿನ."

"ಮತ್ತ ಇವರು?"

"ಅವರು ನಮ್ಮೂರ ಮಾಸ್ತರ್ರಿ. ಪಾಪ, ಜೋಡಿಗೆ ಬಂದಾರ."

ನಾನು ಬಾಯಿ ತೆರೆಯುವಷ್ಟರಲ್ಲಿ ತೊಡೆ ಚಿವುಟಿದಳು. ಹೊರಗೆ ಬಂದ ಮೇಲೆ ಕಿವಿಯ ಹತ್ತಿರ ಬಂದು ಹೇಳಿದಳು: "ಸುಮ್ನಿರು. ನಿನ್ನ ಮನ್ಯಾಗ ಎರಡು ಹೆಣ್ಣು ಅದಾವ. ನಾಳೆ ಅವಕ್ಕೂ ಗಂಡು ನೋಡಬೇಕು."

ತನ್ನ ಮಗಳಿಗಾಗಿ ಮುಚ್ಚಿಟ್ಟಿದ್ದಾಳೆ ಅಂತಷ್ಟೇ ತಿಳಿದಿದ್ದೆ. ನನ್ನ ಮಕ್ಕಳ ನೆನಪು ನನಗೇ ಬಂದಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. "ಗೊತ್ತಾತ್ರಿ, ಇಬ್ಬರ ಮೂಗೂ ಒಂದೇ ಅದಾವ" ಎಂದರು. ತಡವಾಗಿದೆ, ಆದರೆ ಕೈಮೀರಿಲ್ಲ, ಬೇಗ ಆಪರೇಷನ್ ಆಗಬೇಕು ಎಂದರು.

ನರ್ಸು ಒಪ್ಪಿಗೆಯ ಕಾಗದ ತಂದಳು. ರೋಗಿಗೆ ಏನಾಗಬೇಕು ಎಂಬ ಜಾಗದಲ್ಲಿ "ತಮ್ಮ" ಎಂದು ಬರೆದು ಸಹಿ ಹಾಕಿದೆ. ಓದು ಬಾರದ ಅಕ್ಕ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇಲ್ಲಿ ಏನಂತ ಬರ್ದಿ?"

ಇನ್ನೊಂದು ಭಾಷಣ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ.

"ಮಾಸ್ತರ ಅಂತ ಬರದೀನಿ, ಅಕ್ಕಾ."

"ಹಂಗಾದ್ರ ಸರಿ" ಎಂದು ಹೆಬ್ಬೆಟ್ಟು ಒತ್ತಿದಳು.