ಮೇವಿನ ಮಷಿನ್ನಿಗೆ ಬಳಿದ ವಿಭೂತಿ

ಸರ್ಕಾರದ ಕಾಗದದಲ್ಲಿ ಅದು ಸಹಾಯಧನ, ನಮ್ಮ ಬಾಯಲ್ಲಿ ಸಬ್ಸಿಡಿ. ಅಜ್ಜಂಪುರದ ಈಚೆ ನಮ್ಮೂರಿನ ಟೀ ಅಂಗಡಿಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಹುಟ್ಟಿಸಿದವನು ನಾನೇ. ಧೂಳು ಅಡಗದಷ್ಟು ಹನಿದು ಹೋದರೆ ಸಬ್ಸಿಡಿ ಮಳೆ. ಮಾವನ ಮನೆಯಲ್ಲೇ ಉಣ್ಣುವವನು ಸಬ್ಸಿಡಿ ಅಳಿಯ. ಪಕ್ಕದ ಹೊಲದ ಗೆಳೆಯ ಸರ್ಕಾರದ ನೆರವಿನಲ್ಲಿ ಹನಿ ನೀರಾವರಿ ಪೈಪು ಹಾಕಿಸಿದಾಗಿನಿಂದ ಅವನನ್ನು "ಬಾರಪ್ಪಾ ಸಬ್ಸಿಡಿ" ಎಂದೇ ಕರೆಯುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಗುಂಡಿ ತೋಡಿ, ನೀರು ಹೊತ್ತು ತೆಂಗು ಬೆಳೆಸಿದವನು ನಾನು. ಯಾರ ಮುಂದೆಯೂ ಕೈಯೊಡ್ಡಿಲ್ಲವೆಂಬ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ದನಗಳಿಗೆ ಮೇವು ಕತ್ತರಿಸುವುದು ಹೆಂಡತಿಯ ಪಾಲಿನ ಕೆಲಸ. ಜೋಳದ ದಂಟು ಕೊಚ್ಚಿ ಕೊಚ್ಚಿ ಅವಳ ಬಲಗೈ ಮೇಲೇಳದಂತಾಯಿತು. ಒಂದು ದಿನ ಮೇವು ಕತ್ತರಿಸುವ ಮಷಿನ್ನಿನ ಅರ್ಜಿ ತಂದು ನನ್ನ ಮುಂದಿಟ್ಟಳು.

"ನಮಗ್ಯಾಕೆ ಸಬ್ಸಿಡಿ?" ಎಂದೆ.

"ರಾಗಿ ಕೊಯ್ಲಿಗೆ ಮುಯ್ಯಾಳು ಕರೀತೀರಲ್ಲ, ಆಗ ನಾಚ್ಕೆ ಆಗಲ್ವಾ?"

"ಅವ್ರ ಹೊಲಕ್ಕೆ ನಾವೂ ಹೋಗಿ ಗೇದಿರ್ತೀವಲ್ಲೇ."

"ಬೆಂಕಿಪೊಟ್ಣದಿಂದ ಟ್ರ್ಯಾಕ್ಟರ್ ಟಯರ್‌ವರ್ಗೂ ತೆರಿಗೆ ಕಟ್ಟಿದೀರಿ. ನೀವು ಗೇದು ಆಗೈತೆ. ಈಗ ಸರ್ಕಾರದೋರು ಮುಯ್ಯಿಗೆ ಬತ್ತಾವ್ರೆ, ಅಷ್ಟೇ."

ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡೆ. ಸಹಿ ಹಾಕಿದೆ.

ಮಷಿನ್ ಬಂತು. ಅದರ ಹೊಟ್ಟೆಯ ಮೇಲೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತೆ, "ಸರ್ಕಾರದ ಸಹಾಯಧನ" ಎಂಬ ದಪ್ಪ ನೀಲಿ ಅಕ್ಷರ. ಪುಣ್ಯಕ್ಕೆ ಆ ವಾರವೇ ಆಯುಧಪೂಜೆ. ನಮ್ಮಲ್ಲಿ ಕುಡುಗೋಲಿಂದ ಹಿಡಿದು ಎಲ್ಲ ಸಲಕರಣೆಗೂ ಮೂರೆಳೆ ವಿಭೂತಿ ಬಳಿಯುತ್ತೇವೆ. ಕುಡುಗೋಲಿಗೆ ಬೆರಳಗಲ ಎಳೆದೆ. ಮಷಿನ್ನಿಗೆ ಮಾತ್ರ ಅಂಗೈಯನ್ನೇ ಅದ್ದಿ ಎಳೆದೆ. ಒಂದಕ್ಷರವೂ ಉಳಿಯಲಿಲ್ಲ.

ಮರುದಿನವೇ ಇಲಾಖೆಯವರು ಫೋಟೊ ತೆಗೆಯಲು ಬೈಕಿನಲ್ಲಿ ಬಂದಿಳಿದರು. ಅವರಿಗೆ ದಾರಿ ತೋರಿಸುವ ನೆಪದಲ್ಲಿ ಆ ಪೈಪಿನ ಗೆಳೆಯನೂ ಹಿಂದೆ ಕೂತು ಬಂದಿದ್ದ.

"ಅಕ್ಷರ ಕಾಣ್ಬೇಕಲ್ಲ ಯಜಮಾನ್ರೇ," ಎಂದರು ಸಾಹೇಬರು. "ಫೋಟೊ ಇಲ್ದಿದ್ರೆ ಮಂಜೂರಾಗಲ್ಲ. ಮಷಿನ್ ವಾಪಸ್ ಹೋಗುತ್ತೆ."

"ಪೂಜೆ ಆಗೈತೆ ಸ್ವಾಮಿ. ವಿಭೂತಿ ಒರೆಸ್ಬಾರ್ದು."

ಗೆಳೆಯ ಮಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಕುಡ್ಲಿಗೆ ಬೆರಳಗಲ, ಇದಕ್ಕೆ ಮೊರದಗಲ. ಭಕ್ತಿ ಉಕ್ಕಿ ಹರಿದೈತೆ ಕಣ್ರೀ ನಮ್ಮೋನ್ಗೆ."

ಹೆಂಡತಿ ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ದನಗಳ ಕಡೆ ನೋಡಿದೆ. ಕೊನೆಗೆ ಅವಳೇ ಬಂದು, ಬೆರಳು ಒದ್ದೆ ಮಾಡಿಕೊಂಡಳು.

"ಒರೆಸಿ ಬಿಸಾಕ್ಬಾರ್ದು, ಸರಿ. ಹಚ್ಕಳಕ್ಕೇನು? ಬಗ್ಗಿ ಒಸಿ."

ನಾನು ಬಗ್ಗಿದೆ. ಮಷಿನ್ನಿನಿಂದ ಬಳಿದು ಬಳಿದು ತೆಗೆದ ವಿಭೂತಿಯೆಲ್ಲ ನನ್ನ ಹಣೆಗೆ ಬಂತು, ಹಣೆ ಸಾಲದೆ ತೋಳಿಗೂ ಇಳಿಯಿತು. ಅತ್ತ ಒಂದೊಂದೇ ನೀಲಿ ಅಕ್ಷರ ಎದ್ದು ಬಂತು.

"ನಂಗೂ ಒಸಿ ಉಳ್ಸಕ್ಕಾ," ಎಂದ ಗೆಳೆಯ.

ಈಗ ಬೆಳಗ್ಗೆ ಆ ಮಷಿನ್ನಿನ ಸದ್ದು ಟೀ ಅಂಗಡಿವರೆಗೂ ಕೇಳುತ್ತದೆ. ಹೆಂಡತಿ ಎಡಗೈಯಲ್ಲೇ ಅದರ ಬಾಯಿಗೆ ದಂಟು ಕೊಡುತ್ತಾಳೆ. ನಾನು ಅಂಗಡಿ ಹತ್ತಿದರೆ ಸಾಕು, ಗೆಳೆಯ ಬೆಂಚಿನಲ್ಲಿ ಜಾಗ ಬಿಟ್ಟು, "ಬಾರಪ್ಪಾ ಸಬ್ಸಿಡಿ" ಎನ್ನುತ್ತಾನೆ.

"ಬಂದೆ ಕಣೋ ಮುಯ್ಯಾಳೇ," ಎಂದು ಕೂರುತ್ತೇನೆ. ಟೀ ದುಡ್ಡು ಮಾತ್ರ ನಾನೇ ಕೊಡುತ್ತೇನೆ, ಪೂರ್ತಿ.