ಶಾಕವ್ರತದ ರಾಜಗಿರಿ

ಕಡೆಯ ವರ್ಷ ಅವ್ವನ ನಾಲಿಗೆಗೆ ರುಚಿ ಹೋಗಿತ್ತು. ಬೇಗಂಪೇಟೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ, "ಉಪ್ಪು ಸರಿ ಆಗ್ಯದ ಏನವಾ?" ಎಂದು ನನ್ನ ಮುಖ ನೋಡುತ್ತಿದ್ದಳು. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಜೀವಮಾನವಿಡೀ ಬರೀ ಕೈ ಅಂದಾಜಿನ ಮೇಲೆ ಬೇಯಿಸಿದವಳು ಈಗ ಉಣ್ಣುವಾಗಲೂ ಮಗಳನ್ನು ಕೇಳಬೇಕು. 

ರಕ್ತ ಕಡಿಮೆ, ಜಿಂಕ್ ಕಡಿಮೆ, ರುಚಿ ಹೋದದ್ದೂ ಅದಕ್ಕೇ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ನುಂಗಿದ್ದೆಲ್ಲ ವಾಂತಿಯಾಯಿತು. "ಸಾಕು ಮಾಡವಾ, ಹೊಟ್ಟಿ ತೊಳಸ್ತದ" ಎಂದು ಅವ್ವ ಡಬ್ಬಿಯನ್ನೇ ಸರಿಸಿಬಿಟ್ಟಳು.

ನಾನು ಊರಾಚೆಯ ಒಂದು ತರಕಾರಿ ತೋಟದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಜಿಂಕ್, ಕಬ್ಬಿಣದ ಲವಣಗಳನ್ನು ಅಳತೆಯಾಗಿ ನೀರಿಗೆ ಬೆರೆಸಿ ಎಲೆಗಳ ಮೇಲೆ ಸಿಂಪಡಿಸುತ್ತಿದ್ದೆವು; ಗಿಡ ಹೀರಿಕೊಂಡದ್ದು ಉಣ್ಣುವವರ ಮೈಗೆ ಸೇರಲಿ ಎಂದು. ಅದನ್ನೇ ತಾರಸಿಯ ಕುಂಡಗಳಲ್ಲಿ, ಅವ್ವನಿಗೆ ಪ್ರಾಣವಾದ ರಾಜಗಿರಿ ಸೊಪ್ಪಿಗೆ ಮಾಡಿದೆ. ಮೊದಲ ಬಿತ್ತನೆ ಮಳೆಗೆ ಕೊಚ್ಚಿಹೋಯಿತು. ಎರಡನೆಯದು ಕೊಯ್ಲಿಗೆ ಬರುವಷ್ಟರಲ್ಲಿ ಆಷಾಢದ ಏಕಾದಶಿ ಬಂತು. ಅಲ್ಲಿಂದ ಚಾತುರ್ಮಾಸ್ಯ. ಮೊದಲ ತಿಂಗಳು ಶಾಕವ್ರತ; ಸೊಪ್ಪು, ತರಕಾರಿ ಏನನ್ನೂ ಮುಟ್ಟುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮ ಮನೆಯಲ್ಲಿ ಆ ಪೂಜಾರಿ ಅವ್ವನೇ.

"ಔಷಧ ಅಂತ ತಿನ್ನವ್ವಾ. ಔಷಧಕ್ಕ ಎಲ್ಲೀ ವ್ರತ?" ಎಂದು ಜಗಳ ತೆಗೆದೆ.

"ಲಗ್ನ ಆದಾಗಿಂದ ಬಿಟ್ಟಿಲ್ಲ. ಈಗ ನಾಲಿಗಿ ಸಲುವಾಗಿ ಬಿಡ್ಲೇನು?" ಅವ್ವ ನಕ್ಕಳು. "ಒಂದು ತಿಂಗಳು ತಡೀ. ಪಲ್ಯ ಎಲ್ಲಿ ಓಡಿ ಹೋಗ್ತದ?"

ಪಲ್ಯ ಎಲ್ಲೂ ಓಡಿ ಹೋಗಲಿಲ್ಲ. ವ್ರತ ಹಿಡಿದ ಮೊದಲ ವಾರದಲ್ಲೇ, ಮಧ್ಯಾಹ್ನ ತೊವ್ವೆ ಅನ್ನ ಉಂಡು ಮಲಗಿದ ಅವ್ವ ಏಳಲಿಲ್ಲ. ಸೊಪ್ಪು ತಿಂದಿದ್ದರೂ ಅಷ್ಟರಲ್ಲಿ ಏನೂ ಆಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಅವ್ವನ ಮೇಲೆ ಸಿಟ್ಟು, ಪಂಚಾಂಗದ ಮೇಲೆ ಸಿಟ್ಟು, ಏನೂ ಆಗಿಲ್ಲವೆಂಬಂತೆ ಹಸಿರಾಗಿ ಬೆಳೆಯುತ್ತಿದ್ದ ಆ ಕುಂಡಗಳ ಮೇಲೂ ಸಿಟ್ಟು.

ಹದಿಮೂರನೆಯ ದಿನ ಒಂದು ಹಿಡಿ ರಾಜಗಿರಿ ಕೊಯ್ದುಕೊಂಡು, ಕರ್ಮ ಮಾಡಿಸಲು ಬಂದಿದ್ದ ಆಚಾರ್ಯರ ಮುಂದೆ ನಿಂತೆ.

"ಇದರ ಪಲ್ಯ ಮಾಡಿ ಅವ್ವನ ಎಡಿಗೆ ಇಡಬಹುದೇನ್ರಿ?"

"ಶಾಕವ್ರತದಾಗ ಹ್ಯಾಂಗ ಬರ್ತದವಾ? ಬರೂದಿಲ್ಲ."

"ಆಕಿ ವ್ರತ ಮುಗೀತಲ್ರಿ."

ಆಚಾರ್ಯರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಆಕೀದು ಮುಗದದ. ನಮ್ಮದು ಮುಗದಿಲ್ಲವಾ" ಎಂದರು. ಆ ಹಿಡಿ ಸೊಪ್ಪು ಸಂಜೆಯ ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಬಾಡಿತು.

ಶ್ರಾವಣದಲ್ಲಿ ವ್ರತ ಮುಗಿದ ಮರುದಿನ, ಕುಂಡದಲ್ಲಿ ಉಳಿದದ್ದನ್ನೆಲ್ಲ ಕೊಯ್ದು ಪಲ್ಯ ಮಾಡಿದೆ. ಉಪ್ಪು ಕೈ ಅಂದಾಜಿನಲ್ಲೇ ಹಾಕಿದೆ. ನೈವೇದ್ಯ ಮಾಡಿ, ಒಬ್ಬಳೇ ತಾಟಿನ ಮುಂದೆ ಕೂತು ತುತ್ತು ಬಾಯಿಗಿಟ್ಟೆ. ಯಾರೂ ಏನೂ ಕೇಳಲಿಲ್ಲ.

"ಸರಿ ಆಗ್ಯದವ್ವಾ" ಎಂದೆ.