ಅಪ್ಪನ ಕಂಪ್ಯೂಟರ್ ಕ್ಲೀನ್ ಮಾಡಿದ್ದು

ಕಂಪ್ಯೂಟರಿಗೂ ಬಟ್ಟೆ ಹೊದಿಸಿ ಮಲಗಿಸುತ್ತಿದ್ದ ಕಾಲ ಅದು. ಭದ್ರಾವತಿಯ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನಲ್ಲಿ, ಅಮ್ಮ ಕ್ರೋಶಾ ಹಾಕಿದ ಬಿಳಿ ಬಟ್ಟೆಯೊಂದು ಮಾನಿಟರಿನ ಮೇಲೆ ಸದಾ ಇರುತ್ತಿತ್ತು. ಚಿಕ್ಕಪ್ಪನ ಆಫೀಸಿಗೆ ಹೊಸದು ಬಂದಾಗ ಹಳೆಯದು ನಮ್ಮ ಮನೆ ಸೇರಿತ್ತು. ಆನ್ ಮಾಡಿದರೆ ಗುರ್ ಎನ್ನುತ್ತಾ, ಅಮ್ಮ ನಾಲ್ಕು ದೋಸೆ ಹುಯ್ದು ಮುಗಿಸುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು.

ಅದು ಅಪ್ಪನದು. ಅವರು ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದರು. ಕಬ್ಬಿಣದಲ್ಲಿ ಯಾವ ಸಾಮಾನು ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಿ ಕೊಡುವ ಕೆಲಸ. ಆ ಮರದಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಂಡಿಗೆ ಕಬ್ಬಿಣ ಹೊಯ್ಯುತ್ತಿದ್ದರು. ಸಂಜೆ ಬಂದರೆ ಅವರ ಅಂಗಿ ತೇಗದ ಹೊಟ್ಟಿನ ವಾಸನೆ ಹೊಡೆಯುತ್ತಿತ್ತು. ಜೇಬಿನಲ್ಲಿ ಸಿಕ್ಕ ಮರದ ಸುರುಳಿಗಳನ್ನು ನಾನು ಜುಮುಕಿಯಂತೆ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರ ಬಲಗೈ ನಡುಗತೊಡಗಿತು. ವಾಸಿಯಾಗುವ ಕಾಯಿಲೆಯಲ್ಲ ಅಂದರು ಡಾಕ್ಟರು. ಉಳಿ ಹಿಡಿಯಲಾಗದೆ ಅಪ್ಪ ಕೆಲಸ ಬಿಟ್ಟರು. ಪೆನ್ನು ಕೂಡ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈ ಮಾತ್ರ ಇನ್ನೂ ಮಾತು ಕೇಳುತ್ತಿತ್ತು.

ಆ ಕೈಯ ಒಂದೇ ಬೆರಳಿನಲ್ಲಿ ಅವರು ಒಂದೂವರೆ ವರ್ಷ ತಮ್ಮ ಕಸುಬನ್ನೆಲ್ಲ ಟೈಪ್ ಮಾಡಿದರು. ಯಾವ ಮರ ಬಿಸಿಲಿಗೆ ಸೊಟ್ಟಗಾಗುತ್ತದೆ, ಯಾವುದು ಮರಳಿನಿಂದ ಸಲೀಸಾಗಿ ಬಿಟ್ಟುಬರುತ್ತದೆ, ಎಲ್ಲ. ಕಾಗುಣಿತ ನೋಡುವ ಕೆಲಸ ನನ್ನದು.

"ಕಬ್ಬಿಣ ಆರೋವಾಗ ಕುಗ್ಗುತ್ತೆ ಕಣೆ. ಅದಕ್ಕೆ ಅಚ್ಚು ಒಂಚೂರು ದೊಡ್ಡದಿರಬೇಕು," ಎನ್ನುತ್ತಿದ್ದರು.

"ಎಷ್ಟು ದೊಡ್ಡದು?"

"ಅದನ್ನೇ ಬರೀತಿರೋದು ಮಾರಾಯ್ತಿ!"

ಆ ವರ್ಷ ಯುಗಾದಿ ಹತ್ತಿರ ಬಂದಿತ್ತು. ಅಮ್ಮ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಮನೆ ತುಂಬ ಸುಣ್ಣದ ವಾಸನೆ. "ಕಂಪ್ಯೂಟರ್ ಯಾಕೋ ತೀರಾ ನಿಧಾನ ಆಗಿದೆ," ಎಂದು ಅಪ್ಪ ಬೆಳಿಗ್ಗೆ ಗೊಣಗಿದ್ದರು. ಬೇಡದ ಫೈಲು ತೆಗೆದರೆ ಅದು ಚುರುಕಾಗುತ್ತದೆಂದು ನಮ್ಮ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಅಡಗಿಸಿಟ್ಟ ಫೈಲುಗಳನ್ನು ತೋರಿಸುವ ಉಪಾಯವನ್ನೂ ಕಲಿತಿದ್ದೆ. ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅದರ ಮುಂದೆ ಕೂತೆ. ಅಪ್ಪನೂ ನಾನೂ ಮಾಡದ, ಅರ್ಥವಿಲ್ಲದ ಹೆಸರಿನ ಫೈಲುಗಳು ಒಂದಷ್ಟು ಕಂಡವು. ಅವುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅಮ್ಮನಷ್ಟೇ ನಾನೂ ಕೆಲಸ ಮಾಡಿದೆನೆಂದು ಖುಷಿಯಾಗಿ ಪಕ್ಕದ ಮನೆಯ ಸೆಲ್ವಿಯ ಜೊತೆ ಚೌಕಾಬಾರ ಆಡಲು ಹೋದೆ.

ಮರುದಿನ ಪರದೆ ಕಪ್ಪಗಿತ್ತು. ಬಿಳಿ ಅಕ್ಷರದ ಒಂದೇ ಸಾಲು: ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್.

"ಏನೋ ಕಾಣೆಯಾಗಿದೆಯಂತೆ. ಏನದು?" ಎಂದು ಅಪ್ಪ ಕೇಳಿದರು.

ಹಿಂದಿನ ದಿನ ಅಳಿಸಿದ್ದರಲ್ಲಿ ಆ ಹೆಸರು ಇದ್ದದ್ದು ನನಗೆ ನೆನಪಿತ್ತು. "ಗೊತ್ತಿಲ್ಲ ಅಪ್ಪ," ಎಂದೆ.

ಸಿಪಿಯು ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ನಾವಿಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಡುಗುವ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಿದ್ದರು. ಮಲವಗೊಪ್ಪ ದಾಟುವಾಗ ಹೇಳಿಬಿಡೋಣ ಅನ್ನಿಸಿತು. ಅವರ ಮುಖ ನೋಡಿ ಕಿಟಕಿಯ ಕಡೆ ತಿರುಗಿಕೊಂಡೆ.

ವಿನೋಬನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನಾಗರಾಜಣ್ಣ ಒಳ್ಳೆಯ ಮನುಷ್ಯ. ನನಗೆ ಸ್ಟೂಲು ಹಾಕಿ ಕೂರಿಸಿ ಕೇಳಿದರು, "ಯಾರಾದ್ರೂ ಏನಾದ್ರೂ ಡಿಲೀಟ್ ಮಾಡಿದ್ರಾ ಪುಟ್ಟಿ? ಹಂಗಾಗಿದ್ರೆ ಸುಲಭ. ಸೀಡಿಯಿಂದ ಆ ಫೈಲ್ ವಾಪಸ್ ಹಾಕಿದ್ರೆ ಹತ್ತು ನಿಮಿಷದ ಕೆಲಸ."

ಅಪ್ಪ ನನ್ನ ಕಡೆ ತಿರುಗಿದರು.

"ಇಲ್ಲ. ನಾನು ಮುಟ್ಟೇ ಇಲ್ಲ," ಎಂದೆ.

"ತಾನಾಗೇ ಹೋಗಿದೆ ಅಂದ್ರೆ ವೈರಸ್ಸೇ ಸಾರ್. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು."

"ಒಳಗೆ ನನ್ನದೊಂದಿಷ್ಟು ಬರಹ ಇದೆ," ಎಂದರು ಅಪ್ಪ, ಸಂಕೋಚದಿಂದ.

"ಯೋಚನೆ ಮಾಡ್ಬೇಡಿ. ಮೈ ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿಟ್ಕೊಂಡೇ ಅಳಿಸ್ತೀನಿ."

ಎರಡು ದಿನ ಬಿಟ್ಟು ತಂದೆವು. ಅಮ್ಮ ಬಟ್ಟೆ ಸರಿಸಿದಳು, ಅಪ್ಪ ಆನ್ ಮಾಡಿದರು. ಬೇಗನೆ ತೆರೆದುಕೊಂಡಿತು. ಒಳಗೆ ನಾನು ಬಿಡಿಸಿದ್ದ ಮನೆ, ನವಿಲು, ಸೂರ್ಯ ಎಲ್ಲ ಇದ್ದವು. ಅಪ್ಪನ ಬರಹ ಇರಲಿಲ್ಲ. ಕನ್ನಡ ಟೈಪಿಂಗಿನ ಸಾಫ್ಟ್‌ವೇರು ಅದನ್ನು ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ನಾಗರಾಜಣ್ಣನಿಗೂ. ಅಪ್ಪ ಮತ್ತೆ ಪೆಟ್ಟಿಗೆ ಹೊತ್ತು ಹೋದರು. ನಾಗರಾಜಣ್ಣ ಒಂದು ವಾರ ಏನೇನೋ ಹುಡುಕಿ, ಕೈಮುಗಿದು ವಾಪಸು ಕೊಟ್ಟರು.

ಅಪ್ಪ ಬೈಯಲಿಲ್ಲ. ಯುಗಾದಿಯ ಒಬ್ಬಟ್ಟು ತಟ್ಟೆಯಲ್ಲೇ ಒಣಗಿತು. ಹಬ್ಬ ಕಳೆದ ಮೇಲೆ ಮೊದಲಿನಿಂದ ಶುರು ಮಾಡಿದರು. ಎರಡು ಪುಟ ಆಯಿತು. ಮೂರನೆಯದರಲ್ಲಿ ಒತ್ತಿದ ಅಕ್ಷರವೇ ಐದಾರು ಸಲ ಬೀಳತೊಡಗಿತು. ನಡುಕ ಎಡಗೈಗೂ ಬಂದಿತ್ತು. "ನೀವು ಹೇಳಿ, ನಾನು ಟೈಪ್ ಮಾಡ್ತೀನಿ," ಎಂದೆ. ಎರಡು ಸಂಜೆ ಹೇಳಿದರು. ಮೂರನೆಯ ಸಂಜೆ, "ಕೈಯಲ್ಲಿ ಮರ ಇಲ್ದೆ ಬರೀ ಬಾಯಲ್ಲಿ ಬರಲ್ಲ ಪುಟ್ಟಿ. ಇರ್ಲಿ ಬಿಡು," ಎಂದು ಎದ್ದರು. ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಕೊನೆಗೆ ಮಾತೂ ಹೋಯಿತು. ಅಷ್ಟು ದಿನಗಳಲ್ಲಿ ಒಂದು ದಿನವೂ ನಾನು ನಿಜ ಹೇಳಲಿಲ್ಲ.

ಹೋದ ವರ್ಷ ಪಾಲಿಟೆಕ್ನಿಕ್ಕಿನ ಮೇಷ್ಟರೊಬ್ಬರು ಮನೆ ಹುಡುಕಿಕೊಂಡು ಬಂದರು. ಹಳೆಯ ಅಚ್ಚಿನ ಕೆಲಸ ಬಲ್ಲವರು ಈಗ ಯಾರೂ ಉಳಿದಿಲ್ಲ, ಯಜಮಾನರು ಏನಾದರೂ ಬರೆದಿಟ್ಟಿದ್ದರೆ ನೋಡಬಹುದೇ ಎಂದರು.

"ಬರೆದಿದ್ರು. ಕಂಪ್ಯೂಟರ್ ಕೆಟ್ಟು ಹೋಯ್ತು," ಎಂದಳು ಅಮ್ಮ.

ಅವರು ಕಾಫಿ ಕುಡಿದು ಹೋದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಲೋಟ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಇದನ್ನ ನನಗ್ಯಾಕೆ ಹೇಳ್ತೀಯ," ಎಂದಳು. "ಕೇಳಬೇಕಾದವರು ಇದ್ದಾಗ ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಹತ್ತು ನಿಮಿಷದ ಕೆಲಸವಾಗಿತ್ತು ಅದು.